ಹೊರಟ ದಿನ, ಹೊರಟ ದಾರಿ

ಅವ್ವನನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಶಾಲೆಗೆ ಹೋಗುವಾಗ ಬೀದಿಯ ತಿರುವಿನವರೆಗೂ ಹಿಂದೆ ತಿರುಗಿ ತಿರುಗಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದ್ದ ಕಾಲ ಅದು. ಅವ್ವನಿಗೆ ಎಪ್ಪತ್ತು ದಾಟಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ನನ್ನನ್ನು ಒಮ್ಮೊಮ್ಮೆ ತೀರಿಹೋದ ಅವಳ ಅತ್ತಿಗೆ ಎಂದುಕೊಂಡು ಮಾತಾಡಿಸುತ್ತಿದ್ದಳು. ಆದರೆ ಕಾಲು ಮಾತ್ರ ಗಟ್ಟಿ. ಮರೆವು ಬಂದವರ ಕಾಲು ಗಟ್ಟಿಯಿದ್ದರೆ ಮನೆಯವರಿಗೆ ನಿದ್ದೆಯಿಲ್ಲ. ಚಾಮರಾಜನಗರದ ಆ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿ ಈಗೀಗ ಸಿಡುಕುತ್ತೇನೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ತರಗತಿಯಲ್ಲಿ ನಿಂತಾಗಲೂ ಕಿವಿ ಫೋನಿನ ಕಡೆಗೇ ಇರುತ್ತಿತ್ತು. ಪಕ್ಕದ ಮನೆಯವರ ಹೆಸರು ಅದರಲ್ಲಿ ಮೂಡಿದರೆ ಕೈಯಲ್ಲಿದ್ದ ಚಾಕ್‌ಪೀಸು ಬೀಳುತ್ತಿತ್ತು.

ಇಂಥ ಹೊತ್ತಿನಲ್ಲಿ ಇಸ್ರಾಯೇಲ್ಯರು ನನಗೆ ಗಂಟುಬಿದ್ದರು.

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕ್ರೈಸ್ತರು, ಬಹಳ ಸಂಭಾವಿತರು. ಅವರ ಚರ್ಚಿನ ಹುಡುಗ ಹುಡುಗಿಯರಿಗೆ ಈಸ್ಟರಿಗೆ ಮುಂಚೆ ಒಂದು ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ, ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಜೀತಕ್ಕಿದ್ದ ಇಸ್ರಾಯೇಲ್ಯರು ಅಲ್ಲಿಂದ ಹೊರಟದ್ದು ಯಾವ ಕಾಲದಲ್ಲಿ, ಯಾವ ದಾರಿಯಲ್ಲಿ. ತೀರ್ಪು ಕೊಡಲು ನಾನು ಬರಬೇಕಂತೆ. "ನೀವು ಯಾವ ಕಡೆಯವರೂ ಅಲ್ಲ ಮೇಡಮ್, ಇತಿಹಾಸ ಓದಿದವರು" ಎಂದರು. ತೀರ್ಪು ಕೊಡು ಎಂದರೆ ನಾನು ಯಾವತ್ತೂ ಬೇಡ ಅಂದವಳಲ್ಲ. ಒಪ್ಪಿಕೊಂಡೆ. ಚರ್ಚಿಗೆ ಸುಣ್ಣ ಬಳಿಯುತ್ತಿದ್ದರಿಂದ, ನನಗೆ ವಿಷಯ ತಿಳಿಸಿಕೊಡಲು ಒಂದು ಭಾನುವಾರ ಸಂಜೆ ಅವರು ನಕ್ಷೆಗಳನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೇ ಬಂದರು. ಗುಂಡ್ಲುಪೇಟೆಯಿಂದ ನನ್ನ ಸೋದರಮಾವನೂ ಅವತ್ತು ಅಕ್ಕನನ್ನು ನೋಡಲು ಬಂದಿದ್ದ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತನಾದವನು. ಬಂಡೀಪುರದ ಕಾಡಿನ ದಾರಿಗಳ ಬಗ್ಗೆ ಯಾರು ಬಾಯಿ ಬಿಟ್ಟರೂ ತಾನೇ ಹೇಳಬೇಕು ಎನ್ನುವ ಮನುಷ್ಯ. ಅವ್ವ ಗೋಡೆಗೊರಗಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

ಮೇಷ್ಟ್ರು ವಿವರಿಸಿದರು. ಅವರ ಗ್ರಂಥದಲ್ಲೇ ಇರುವ ಲೆಕ್ಕ ಹಿಡಿದರೆ ಹೊರಟದ್ದು ಕ್ರಿಸ್ತಪೂರ್ವ ಹದಿನೈದನೇ ಶತಮಾನ. ಜೀತದವರು ಇಟ್ಟಿಗೆ ಹೊತ್ತು ಕಟ್ಟಿದ ಪಟ್ಟಣಕ್ಕೆ ಯಾವ ರಾಜನ ಹೆಸರಿದೆ ಎಂದು ನೋಡಿದರೆ ಹದಿಮೂರನೇ ಶತಮಾನ. ಮರಳಿನಲ್ಲಿ ಗುರುತೇ ಸಿಕ್ಕಿಲ್ಲ, ಹೊರಟವರು ಸಣ್ಣ ಗುಂಪಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ದಾರಿಯೂ ಹಾಗೆಯೇ. ಕಡಲಂಚು ಹಿಡಿದು ಹೋದರೆ ಹತ್ತಿರ, ಆದರೆ ಆ ದಾರಿಯುದ್ದಕ್ಕೂ ರಾಜನ ಠಾಣೆಗಳು. ದಕ್ಷಿಣಕ್ಕೆ ಇಳಿದು ಮರುಭೂಮಿ ಬಳಸಿ ಹೋದರೆ ದೂರ. ಕಾಳಗ ಕಂಡು ಹೆದರಿ ಜನ ವಾಪಸ್ಸು ಹೋಗಿಬಿಟ್ಟಾರು ಎಂದು ದೇವರೇ ಹತ್ತಿರದ ದಾರಿ ಬಿಡಿಸಿದ ಎಂದು ಅವರಲ್ಲಿದೆಯಂತೆ.

ಮಾವ ನಕ್ಷೆಯ ಮೇಲೆ ಬಗ್ಗಿದ. "ಅಲ್ಲ ಮೇಷ್ಟ್ರೇ, ಅಷ್ಟ್ ಜನ, ದನ ಕರ, ಉಡುಗ್ರು. ಈ ದಾರೀಲಿ ನೀರ್ ಎಲ್ಲದ?"

"ಬಂಡೆಯಿಂದ ನೀರು ಬಂತು ಅಂತ ಇದೆ."

"ಬಂಡೇಲಿ ಬತ್ತದ ಅಂತ ಮೊದ್ಲೇ ಗೊತ್ತಿತ್ತಾ ಅವ್ರಿಗ? ಗೊತ್ತಿಲ್ದೆ ಯಾವನ್ ಒಂಟಾನು?"

ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಇನ್ನೊಂದು ಸಂಗತಿ ಹೇಳಿದರು. ಇಸ್ರಾಯೇಲ್ಯರು ಮೊದಲಿಗೆ ನಮ್ಮನ್ನು ಪೂರ್ತಿ ಬಿಟ್ಟುಬಿಡಿ ಎಂದು ಕೇಳಲಿಲ್ಲವಂತೆ. ಅಡವಿಯಲ್ಲಿ ನಮ್ಮ ದೇವರಿಗೆ ಪೂಜೆ ಇದೆ, ಮೂರು ದಿನದ ದಾರಿ, ಹೋಗಲು ಬಿಡಿ ಎಂದು ಕೇಳಿದರಂತೆ.

ಮಾವ ತೊಡೆ ತಟ್ಟಿಕೊಂಡ. "ನಮ್ಮಪ್ಪನೂ ಅದ್ನೇ ಅಲ್ವಾ ಮಾಡಿದ್ದು! ಮಾದಪ್ಪನ್ ಬೆಟ್ಟುಕ್ಕ ಅರಕೆ ಅದ, ಓಗ್ಬುಟ್ ಬತ್ತೀವಿ ಅಂತ ಏಳ್ಬುಟ್ಟು ಎಲ್ಲಾರ್ನೂ ಕಟ್ಕೊಂಡ್ ಒಂಟೋದ. ಬೆಟ್ಟುಕ್ಕೂ ಓಗ್ನಿಲ್ಲ, ಆ ಮನಗೂ ವಾಪಸ್ ಬರ್ನಿಲ್ಲ."

ನಮ್ಮ ಹಿರಿಯರು ಹಂಗಳದ ಕಡೆಯ ಒಬ್ಬ ದೊಡ್ಡ ಹಿಡುವಳಿದಾರರ ಮನೆಯಲ್ಲಿ ಜೀತಕ್ಕಿದ್ದರು ಎಂಬುದಷ್ಟೇ ನನಗೆ ಗೊತ್ತಿತ್ತು. ಹೇಗೆ ಬಿಟ್ಟು ಬಂದರು ಎಂದು ಅವ್ವ ಯಾವತ್ತೂ ಹೇಳಿರಲಿಲ್ಲ. ಕೇಳಿದರೆ ಎದ್ದು ಹೋಗುತ್ತಿದ್ದಳು. ಈಗ ಮಾವನ ಬಾಯಿಂದ ತಾನಾಗಿ ಬಂತು. ಮಾದಪ್ಪನ ಹರಕೆ ಎಂದರೆ ನಮ್ಮ ಸೀಮೆಯಲ್ಲಿ ಎಂಥ ಒಡೆಯನೂ ಬೇಡ ಎನ್ನಲಾರ. ತಾತ ಆ ಒಂದು ಸಂದನ್ನು ಕಂಡುಕೊಂಡಿದ್ದ. ನನ್ನೊಳಗಿನ ಟೀಚರು ಎದ್ದು ಕೂತಳು. ಯಾವ ವರ್ಷ ಮಾವ, ಯಾವ ದಾರಿ ಎಂದು ಕೇಳಿದೆ.

"ಕರೆಂಟ್ ಕಂಬ ನೆಟ್ರಲ್ಲ, ಆ ವರ್ಸ. ಗುಂಡ್ಲುಪೇಟೆ ಮೇಲ ತೆರಕಣಾಂಬಿ ರೋಡಲ್ಲಿ ನೆಟ್ಗ ಬಂದೊ. ನಾನು ಅಪ್ಪನ್ ಎಗಲ್ ಮೇಲಿದ್ದಿ."

"ಇಲ್ಲ ಕಣ್ಲಾ" ಎಂದಳು ಅವ್ವ. ಎಲ್ಲರೂ ಅವಳ ಕಡೆ ತಿರುಗಿದೆವು. "ಕಾಡಂಚಿನ್ ದಾರಿ. ಪ್ಯಾಟ ಮೇಲ ಬಂದ್ರ ಅವ್ರ ಕಡೇವ್ರು ಸಂತಲಿ ಸಿಕ್ಕಾರು ಅಂತ ಅಪ್ಪ ಬಳಸ್ಕಂಡ್ ಬಂದ. ರೇಸನ್ನಲ್ಲಿ ಕೆಂಪು ಜ್ವಾಳ ಕೊಡ್ತಿದ್ದ ವರ್ಸ. ಸೋಮಾರ."

ಸೋಮವಾರವೇ ಎಂದು ಹೇಗೆ ಗೊತ್ತು ಎಂದೆ. ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಹೊಲದ ಕಡೆ ಯಾರೂ ಬರುವುದಿಲ್ಲ, ಅದಕ್ಕೇ ಎಂದಳು. ಹಾಲು ಮರೆಯುವ ಅವ್ವನ ಬಾಯಲ್ಲಿ ಇಷ್ಟು ಕರಾರುವಾಕ್ಕು ಮಾತು ಕೇಳಿ ನನಗೆ ಬೆರಗಾಯಿತು. ಮಾವ ಬಿಡಲಿಲ್ಲ. ಅಕ್ಕನಿಗೆ ನೆನಪಿಲ್ಲ ಎಂದ. ನೀನು ಮೊಣಕಾಲುದ್ದ ಇದ್ದೆ, ನಿನಗೇನು ಗೊತ್ತು ಎಂದಳು ಅವ್ವ. ಮೇಷ್ಟ್ರು ಖುಷಿಯಿಂದ, "ನೋಡಿ ಮೇಡಮ್, ಇಲ್ಲೇ ಎರಡು ಪಕ್ಷ ಆಯ್ತು" ಎಂದರು. ನಾನು ಇನ್ನಷ್ಟು ಕೆದಕುವ ಹೊತ್ತಿಗೆ ಅವ್ವನ ಕೈ ನಿಂತಿತ್ತು.

"ಅದ್ನೆಲ್ಲ ಯಾಕಮ್ಮಿ ಎತ್ತೀರಿ ಈಗ" ಎಂದಳು. "ಸುಮ್ಕಿರಿ."

ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಹೋಯಿತು. ಬೆಳಗ್ಗೆ ಎದ್ದ ಕೂಡಲೇ ಅವ್ವ ಇವತ್ತು ಯಾವ ವಾರ ಎಂದು ಕೇಳುತ್ತಿದ್ದಳು. ಹೇಳಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಬಾಗಿಲ ಕಡೆ ನೋಡುವಳು. "ತಡ ಆಗದ ಕಣಮ್ಮಿ, ಓಗ್ಬೇಕು" ಎನ್ನುವಳು. ಎಲ್ಲಿಗೆ ಎಂದರೆ ಬಾಯಿ ಬಿಡುವುದಿಲ್ಲ. ಒಡೆಯರು ಹುಡುಕಿಕೊಂಡು ಬರುತ್ತಾರೆಂದು ಹೆದರಿದ್ದಾಳೆ, ಮತ್ತೆ ಓಡಿಹೋಗಬೇಕು ಎಂದುಕೊಂಡಿದ್ದಾಳೆ ಎಂದು ನಾನು ತಿಳಿದೆ. "ಯಾರೂ ಬರಲ್ಲ ಸುಮ್ನಿರವ್ವ, ಕಾನೂನು ಬಂದು ಎಷ್ಟೋ ಕಾಲ ಆಯ್ತು" ಎಂದು ಗದರಿದೆ. ಮಕ್ಕಳಿಗೆ ಜೀತ ನಿರ್ಮೂಲನೆಯ ಪಾಠ ಮಾಡಿ ಬಂದವಳು ಅವ್ವನಿಗೂ ಅದನ್ನೇ ಒಪ್ಪಿಸಿದೆ. ಪಕ್ಕದ ಮನೆಯವರಿಗೆ ಒಂದು ಕಣ್ಣಿಟ್ಟಿರಿ ಎಂದು ಹೇಳಿ ಶಾಲೆಗೆ ಹೋಗುತ್ತಿದ್ದೆ. ಹೋದರೂ ಜೀವ ಇಲ್ಲೇ.

ನಾನು ಹೆದರಿದ್ದು ಒಂದು ಸೋಮವಾರ ನಡೆದೇಹೋಯಿತು. ಊಟದ ಬಿಡುವಿನಲ್ಲಿ ಮನೆಗೆ ಬಂದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಅವ್ವ ಇಲ್ಲ. ಅವಳ ಚಪ್ಪಲಿ ಇಲ್ಲ, ಬಟ್ಟೆಯ ಕೈಚೀಲ ಇಲ್ಲ, ಟಿವಿಯ ಪಕ್ಕ ಇಡುತ್ತಿದ್ದ ಆಧಾರ್ ಕಾರ್ಡೂ ಇಲ್ಲ. ಪಕ್ಕದ ಮನೆಯಾಕೆ, ಒಳ್ಳೇ ಸೀರೆ ಉಟ್ಟುಕೊಂಡಿದ್ದರು, ದೇವಸ್ಥಾನಕ್ಕೆ ಹೋಗಿರಬೇಕು ಅಂದ್ಕೊಂಡೆ ಎಂದಳು. ದೇವಸ್ಥಾನ, ಹಿಟ್ಟಿನ ಗಿರಣಿ, ಆಸ್ಪತ್ರೆ, ಎಲ್ಲ ಕಡೆ ಓಡಿದೆ. ಕೊನೆಗೆ ಬಸ್ ಸ್ಟ್ಯಾಂಡಿಗೆ ಬಂದು ಕಂಡಕ್ಟರುಗಳನ್ನು ಒಬ್ಬೊಬ್ಬರಾಗಿ ಕೇಳಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಆಧಾರ್ ತೋರಿಸಿದರೆ ಸಾಕು, ಯಾವ ಮುದುಕಿ ಯಾವ ಊರಿಗೆ ಹೋದಳು ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮಾವನಿಗೆ ಫೋನ್ ಮಾಡಿದೆ.

"ಸೋಮಾರ ಅಲ್ವಾ" ಎಂದ. "ಪುಣಜನೂರ್ಗ ಓಗಿರ್ತಾಳ ಕಣಮ್ಮಿ. ಜೀತ ಬುಟ್ಮೇಲ ನಾವು ನಿಂತಿದ್ದು ಅಲ್ಲೇಯ. ಬಿದುರ್ ಕಡಿಯೋ ಕೂಲಿಗ. ಇನ್ನೆಲ್ಲಿಗ್ ಓದಾಳು?"

ಗಣಿತದ ಮೇಷ್ಟ್ರು ಶಾಲೆಗೆ ರಜೆ ಹೇಳಿ ಬೈಕ್ ತಂದರು. ಪುಣಜನೂರಿನ ರಸ್ತೆಯಲ್ಲಿ ತಮಿಳುನಾಡಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಪ್ರತಿ ಲಾರಿಯ ಪಕ್ಕದಲ್ಲೂ ನಾನು ಸೀರೆಯ ಅಂಚು ಹುಡುಕುತ್ತಿದ್ದೆ. ಕಾಡು ಶುರುವಾದ ಮೇಲೆ ಆನೆ ದಾಟುವ ಜಾಗ ಎಂಬ ಬೋರ್ಡು ಬಂತು. ಅದನ್ನು ಎಷ್ಟು ಸಲ ನೋಡಿದ್ದೇನೋ, ಅವತ್ತು ಮಾತ್ರ ಕಣ್ಣು ಮುಚ್ಚಿಕೊಂಡೆ. ಚೆಕ್‌ಪೋಸ್ಟಿನವರು ನೋಡಿಲ್ಲ ಎಂದರು. ಟೀ ಅಂಗಡಿಯವನು ನೋಡಿಲ್ಲ ಎಂದ. ಬೇಲಿಯಾಚೆ ಲಂಟಾನ ಮೆಳೆಗಳ ಕಡೆ ನೋಡುತ್ತಾ ಅವ್ವಾ ಎಂದು ಕೂಗಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಮತ್ತೆ ಮಾವನ ಫೋನ್. ತಾನು ಗುಂಡ್ಲುಪೇಟೆಯಿಂದ ತೆರಕಣಾಂಬಿ ರಸ್ತೆಯುದ್ದಕ್ಕೂ ನೋಡಿಕೊಂಡು ಬರುತ್ತೇನೆ, ಆವತ್ತು ಬಂದದ್ದು ಅದೇ ದಾರಿ ಎಂದ. ಅವ್ವ ಕಾಡಂಚಿನ ದಾರಿ ಅಂತ ತಾನೇ ಹೇಳಿದ್ದಾಳಲ್ಲ, ಅಲ್ಲಿ ನೋಡು ಎಂದೆ. ಅವಳಿಗೆ ನೆನಪಿಲ್ಲ ಎಂದ. ನಿನಗೆ ಯಾವತ್ತೂ ನಿನ್ನ ಮಾತೇ ಆಗಬೇಕು ಎಂದು ಕಿರುಚಿದೆ. ಅವನೂ ಏನೋ ಕಿರುಚಿದ. ಅವ್ವ ಎಲ್ಲಿದ್ದಾಳೋ ಗೊತ್ತಿಲ್ಲ, ನಾವಿಬ್ಬರು ದಾರಿಗಾಗಿ ಕಿತ್ತಾಡುತ್ತಿದ್ದೇವೆ. ಫೋನ್ ಕಟ್ ಮಾಡಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಅತ್ತೆ.

ಮೇಷ್ಟ್ರು ಬೈಕನ್ನು ರಸ್ತೆಯ ಅಂಚಿಗೆ ತಳ್ಳಿ ನಿಲ್ಲಿಸಿದರು. ಆಮೇಲೆ ಹಿಂಜರಿಯುತ್ತಾ ಹೇಳಿದರು, "ಮೇಡಮ್, ತಪ್ಪು ತಿಳ್ಕೋಬೇಡಿ. ನಾವು ಅವರು ಬಿಟ್ಟು ಬಂದ ದಾರೀನೇ ಹುಡುಕ್ತಾ ಇದ್ದೀವಿ. ನಮ್ಮ ಆ ಕಥೇಲಿ ಜನ ಹೊರಟ ಮೇಲೂ ವಾಪಸ್ ಹೋಗಬೇಕು ಅಂತ ಗಲಾಟೆ ಮಾಡ್ತಾರೆ. ಅಲ್ಲಿನ ಈರುಳ್ಳಿ, ಸೌತೆಕಾಯಿ ನೆನೆಸ್ಕೊಂಡು ಅಳ್ತಾರೆ. ಅಮ್ಮ ಆ ಕಡೆಗೇನಾದ್ರೂ..."

ಮೈಯೆಲ್ಲ ಉರಿಯಿತು. ನನ್ನ ಅವ್ವ ಆ ಮನೆಗೆ ಯಾಕೆ ಹೋಗುತ್ತಾಳೆ? ಬೆಳಗಾಗುವ ಮುಂಚೆ ಸಗಣಿ ಬಾಚುವುದಕ್ಕೆ, ಅಂಗಳದಾಚೆ ಕೂತು ಉಳಿದದ್ದು ಉಣ್ಣುವುದಕ್ಕೆ ಯಾರಾದರೂ ವಾಪಸ್ಸು ಹೋಗುತ್ತಾರೆಯೇ? ಆದರೆ ಬೇರೆ ದಾರಿ ಉಳಿದಿರಲಿಲ್ಲ. ಮಾವನಿಗೆ ಹೇಳಿದೆ. "ಅಲ್ಲಿಗ್ಯಾಕಮ್ಮಿ ಓದಾಳು" ಎಂದು ಅವನೂ ರೇಗಿದ. ರೇಗಿದರೂ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದ. ನಾವು ಬೈಕಿನಲ್ಲಿ ಚಾಮರಾಜನಗರ ದಾಟುವ ಹೊತ್ತಿಗೆ ಅವನ ಫೋನ್ ಬಂತು. ಹೂವು ಮಾರುವ ಹೆಂಗಸೊಬ್ಬಳು ಅಂಥ ಒಬ್ಬ ಮುದುಕಿಯನ್ನು ತಾನೇ ಹಂಗಳದ ಕಡೆಯ ಬಸ್ಸಿಗೆ ಹತ್ತಿಸಿದ್ದಳಂತೆ.

ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮಾವ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮೇಷ್ಟ್ರು ಬೈಕಿನಲ್ಲಿ ಹಿಂದೆ ಬಂದರು. ಹಂಗಳದ ರಸ್ತೆಯಲ್ಲಿ ಊಟಿಗೆ ಹೋಗುವ ಕಾರುಗಳು ರಾತ್ರಿ ಬಂಡೀಪುರದ ಗೇಟು ಮುಚ್ಚುವ ಮುಂಚೆ ಕಾಡು ದಾಟಬೇಕೆಂದು ನುಗ್ಗುತ್ತಿದ್ದವು. ಬಸ್ಸಿಳಿದು ಊರು ಮರೆತು ನೆಟ್ಟಗೆ ಬಂಡೀಪುರದ ಕಡೆ ನಡೆದಿದ್ದರೆ? ಕತ್ತಲಾದರೆ ಆನೆಗಳು ಹೊಲಕ್ಕೆ ಇಳಿಯುತ್ತವೆ. ಮಾವ ನನ್ನ ಕೈ ಹಿಡಿದುಕೊಂಡಿದ್ದ. ನಾನು ಒಳಗೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವ್ವನಿಂದ ಆ ಮನೆಯವರು ಒಂದು ಕಡ್ಡಿ ಎತ್ತಿಸಿದ್ದರೂ ಇವತ್ತು ಅವರ ಮಾನ ಕಳೆಯುತ್ತೇನೆ ಎಂದುಕೊಂಡಿದ್ದೆ.

ಊರಿಗೆ ತಿರುಗಿದ ಮೇಲೆ ದಾರಿ ಹೇಳಲು ಮಾವನಿಗೆ ಯಾರೂ ಬೇಕಾಗಲಿಲ್ಲ. ಹೆಂಚಿನ ಹಳೇ ಮನೆ, ಅದಕ್ಕೆ ಅಂಟಿದ ಹಾಗೆ ಹೊಸ ತಾರಸಿ. ಅಂಗಳದಲ್ಲಿ ಟ್ರ್ಯಾಕ್ಟರು, ಒಂದು ಬದಿಗೆ ದನದ ಕೊಟ್ಟಿಗೆ. ಜಗಲಿಯ ಕೆಳಗೆ, ಅಂಗಳದ ಅಂಚಿನಲ್ಲಿ, ಚೀಲವನ್ನು ಎದೆಗೆ ಅವಚಿಕೊಂಡು ಅವ್ವ ನಿಂತಿದ್ದಳು.

ನನ್ನ ಜೀವ ವಾಪಸ್ಸು ಬಂತು. ಓಡಿಹೋಗಿ ಅವಳ ಭುಜ ಹಿಡಿದುಕೊಂಡೆ. ಜಗಲಿಯ ಮೇಲಿದ್ದ ಹೆಂಗಸು ಎದ್ದು ನಿಂತರು. ಅರವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ. ಆ ಮನೆಯ ಸೊಸೆ.

"ಮಧ್ಯಾಹ್ನದಿಂದ ಹಿಂಗೇ ನಿಂತವ್ರೆ ಕಣವ್ವ" ಎಂದರು. "ಒಳಕ್ ಬನ್ನಿ ಅಂದ್ರೆ ಬರ್ನಿಲ್ಲ, ಜಗುಲಿ ಮೇಲಾದ್ರೂ ಕೂತ್ಕಳಿ ಅಂದ್ರೆ ಕೂರ್ನಿಲ್ಲ. ಲೋಟದಲ್ಲಿ ನೀರ್ ಕೊಟ್ರೆ ಲೋಟ ಮುಟ್ನಿಲ್ಲ, ಬೊಗಸೆ ಒಡ್ಡಿದ್ರು. ನಾನ್ ಹುಯ್ದೆ, ಏನ್ ಮಾಡ್ಲಿ. ಯಾರ ಪೈಕಿ ಅಂದ್ರೆ ಹೇಳ್ನಿಲ್ಲ. ಅವ್ವಾರ್ನ ಕರೀರಿ ಅಂತಾರೆ. ನಮ್ಮತ್ತೇರು ಹೋಗಿ ಎಷ್ಟೋ ವರ್ಸ ಆಯ್ತು."

ಜೋಡಿಸಿಕೊಂಡಿದ್ದ ಮಾತುಗಳನ್ನು ಯಾರ ಮೇಲೆ ಎಸೆಯಲಿ? ಬೊಗಸೆ ಒಡ್ಡಿದವಳು ನನ್ನ ಅವ್ವ. ಅವ್ವ ನನ್ನ ಕಡೆ ನೋಡಲೇ ಇಲ್ಲ. ಮಾವನನ್ನು ಕಂಡಳು. ಅವನನ್ನು ಮುಂದಕ್ಕೆ ಎಳೆದು ನಿಲ್ಲಿಸಿ, ಜಗಲಿಯ ಕಡೆ ತಿರುಗಿ ಹೇಳಿದಳು.

"ಇವ್ನೇ ಕಣ್ರವ್ವ ಅತ್ತೋನು. ಅಸ್ಕಂಡು ಅತ್ತ. ನೀವು ಮಾದಪ್ಪನ್ಗ ಒಡ್ಸು ಅಂತ ಕೊಟ್ಟಿದ್ರಲ್ಲ ಕಾಯ, ಅದ ಕಲ್ಮೇಲ ಕುಟ್ಟಿ ಇವ್ನಿಗ ಕೊಟ್ಬುಟ್ಟೆ. ಅಪ್ಪನ್ಗೂ ಗೊತ್ತಿಲ್ಲ."

ಮಾವ ಹಾಗೇ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ನಮ್ಮ ಕಡೆ ಬೆಟ್ಟಕ್ಕೆ ಹೋಗುವವರ ಕೈಯಲ್ಲಿ ಹೋಗಲಾಗದವರು ಕಾಯಿ ಕೊಟ್ಟು ಕಳಿಸುತ್ತಾರೆ. ಕೊಟ್ಟವರಿಗೆ ಪ್ರಸಾದ ತಂದು ಮುಟ್ಟಿಸಲೇಬೇಕು. ಮುಟ್ಟಿಸುವ ತನಕ ಆ ಹರಕೆ ಇವರ ತಲೆಯ ಮೇಲೇ ಇರುತ್ತದೆ. ತಾತ ಹೂಡಿದ ನೆಪವನ್ನು ಆ ಮನೆಯೊಡತಿ ನಿಜವೆಂದು ನಂಬಿ, ಹತ್ತು ವರ್ಷದ ಹುಡುಗಿಯ ಕೈಗೆ ತನ್ನ ಕಾಯಿ ಕೊಟ್ಟಿದ್ದಳು. ಒಡೆಯರು ಹುಡುಕಿಕೊಂಡು ಬಂದಾರು ಎಂಬ ದಿಗಿಲು ನನ್ನ ಕಲ್ಪನೆ. ಅವ್ವನನ್ನು ಇಷ್ಟು ವರ್ಷ ತಿಂದದ್ದು ಆ ಕಾಯಿ. ನಮ್ಮನ್ನು ಅಷ್ಟು ದುಡಿಸಿಕೊಂಡ ಮನೆಗೆ ನಾವೇ ಬಾಕಿ ಎಂದುಕೊಂಡು ಬದುಕಿದಳಲ್ಲ.

ಚೀಲದಿಂದ ಅವ್ವ ಒಂದು ಕಾಯಿಹೋಳು, ನಮ್ಮನೆ ದೇವರ ಗೂಡಿನಲ್ಲಿದ್ದ ವಿಭೂತಿಗಟ್ಟಿ ತೆಗೆದಳು. ಜಗಲಿಯ ಅಂಚಿನಲ್ಲಿ ಇಟ್ಟು ಹಿಂದೆ ಸರಿಯಲು ಹೋದಳು. ಆ ಸೊಸೆ ಇಡಗೊಡಲಿಲ್ಲ. ಮೆಟ್ಟಿಲಿಳಿದು ಬಂದು ಸೆರಗೊಡ್ಡಿದರು. ಅವ್ವ ಒಂದು ಗಳಿಗೆ ಅನುಮಾನಿಸಿ ಸೆರಗಿನೊಳಕ್ಕೆ ಹಾಕಿದಳು.

"ಅತ್ತೇರ ಫೋಟೊ ಮುಂದೆ ಇಡ್ತೀನಿ ಕಣವ್ವ. ಅವ್ರಿಗ್ ಮುಟ್ತು ಅಂದ್ಕಳಿ" ಎಂದರು ಆಕೆ.

ಬಾ ಅವ್ವ ಎಂದು ನಾನು ಕೈ ಹಿಡಿದೆ. ಅವ್ವ ಕದಲಲಿಲ್ಲ. ಅಪ್ಪಣೆಗೆ ಕಾಯುವವಳ ಹಾಗೆ ತಲೆ ತಗ್ಗಿಸಿ ನಿಂತಿದ್ದಳು. ಅದು ಆಕೆಗೂ ತಿಳಿಯಿತು. ಯಾರ ಮನೆಯಲ್ಲಾದರೂ ಹೇಳುವ ಮಾತನ್ನೇ ಮೆತ್ತಗೆ ಹೇಳಿದರು, "ಹೋಗ್ಬುಟ್ ಬನ್ನಿ ಅವ್ವ."

ಅವ್ವ ತಲೆಯಾಡಿಸಿ ಹೊರಟಳು. ಹೊರಟದ್ದು ಆಟೋದ ಕಡೆಗಲ್ಲ, ಕೊಟ್ಟಿಗೆಯ ಕಡೆಗೆ. ಬೆಟ್ಟಕ್ಕೆ ಹೋಗಿ ಬಂದಾಗಿತ್ತು, ಪ್ರಸಾದ ಕೊಟ್ಟಾಗಿತ್ತು, ಇನ್ನು ಸಂಜೆಯ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಒರಗಿಸಿದ್ದ ಪೊರಕೆ ಎತ್ತಿಕೊಂಡಳು. ನಾನು ಓಡಿಹೋಗಿ ಕಿತ್ತುಕೊಳ್ಳಲು ನೋಡಿದೆ, ಕೊಡಲಿಲ್ಲ. ಆ ಮುದಿ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

ಆ ಸೊಸೆ ಬಂದು ಅವ್ವನ ಎದುರಿಗೆ ನಿಂತರು. ಸೆರಗಿನಲ್ಲಿದ್ದ ಪ್ರಸಾದವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಮನೆಗೆ ಬಂದವರನ್ನು ಹೋಗು ಎನ್ನುವುದು ನಮ್ಮಲ್ಲಿ ಅಪಶಕುನ, ಶತ್ರುವಿಗೂ ಹಾಗೆ ಅನ್ನುವುದಿಲ್ಲ. ಆಕೆ ಅದನ್ನು ಅವ್ವನ ಮುಖ ನೋಡಿಕೊಂಡು ಹೇಳಿದರು.

"ಇನ್ ಬರ್ಬ್ಯಾ‌ಡಿ ಅವ್ವ. ಇಲ್ಲಿ ನಿಮ್ದು ಯಾವ್ ಕೆಲ್ಸಾನೂ ಇಲ್ಲ. ಹೋಗಿ."

ಅವ್ವ ಪೊರಕೆಯನ್ನು ಇದ್ದ ಜಾಗದಲ್ಲೇ ಒರಗಿಸಿದಳು. ಸೊಂಟದ ಸೆರಗು ಬಿಚ್ಚಿ ಭುಜದ ಮೇಲೆ ಹಾಕಿಕೊಂಡಳು. "ಸರಿ ಕಣ್ರವ್ವ" ಎಂದಳು. ಆಮೇಲೆ ನನಗೂ ಕಾಯಲಿಲ್ಲ, ತಮ್ಮನಿಗೂ ಕಾಯಲಿಲ್ಲ. ಅಂಗಳದ ನಟ್ಟನಡುವೆ ಹಾದು, ಆಟೋವನ್ನೂ ದಾಟಿ, ರಸ್ತೆಯ ಕಡೆ ಬಿರುಬಿರನೆ ನಡೆದಳು. ನಾವು ಹಿಂದೆ ಓಡಬೇಕಾಯಿತು.